ಆಡಳಿತಗಾರರ ಶಿಕ್ಷಣ



ಕನ್ನಡ ಪಾಠ ಹೇಳುವ ನಮಗೂ ದೊಡ್ಡ ಕಂಪನಿಗಳ ಮ್ಯಾನೇಜರುಗಳ ತರಬೇತಿಗೂ ಏನು ನಂಟು ಎಂದು ತಾವು ಕೇಳಬಹುದು. ನಮ್ಮ ಹೊಸೂರಿನ ಸುತ್ತ ಇಂದು ಕಾರ್ಖಾನೆಗಳು ತುಂಬಿವೆ. ನಮ್ಮ ಶಾಲೆಯ ಹುಡುಗರು ಅಲ್ಲಿ ಯಂತ್ರದ ಮುಂದೆ ನಿಲ್ಲುತ್ತಾರೆ. ಮೇಜಿನ ಹಿಂದೆ ಕೂರುವವರು ವಿರಳ. ‘ಕನ್ನಡದಲ್ಲಿ ಓದಿದರೆ ಇಷ್ಟೇ’ ಎಂದು ತಾಯ್ತಂದೆಗಳು ನಿಟ್ಟುಸಿರಿಡುತ್ತಾರೆ. ಆದುದರಿಂದ ಮೇಜಿನ ಹಿಂದೆ ಕೂರುವವನು ಹೇಗೆ ಸಿದ್ಧನಾಗುತ್ತಾನೆಂಬುದನ್ನು ವಿಚಾರಿಸುವುದು ನಮ್ಮ ಕರ್ತವ್ಯವಾಗಿದೆ.

1956ನೆಯ ಇಸವಿಯನ್ನು ನಾವು ಮರೆಯುವಂತಿಲ್ಲ. ರಾಜ್ಯಗಳ ಪುನರ್ವಿಂಗಡಣೆಯಾಗಿ ಕನ್ನಡನಾಡು ಒಂದಾದಾಗ ನಮ್ಮ ಹಿರಿಯರು ಗಡಿಯ ಈಚೆಗೇ ಉಳಿದರು. ಅದೇ ವರ್ಷ ಆಡಳಿತಗಾರರನ್ನು ಕ್ರಮವಾಗಿ ಬೆಳೆಸುವ ಮೂರು ಯತ್ನಗಳು ಮೊದಲಾದುವು. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯು ಕ್ರೋಟನ್‌ವಿಲ್‌ನಲ್ಲಿ ತನ್ನದೇ ವಿದ್ಯಾಲಯವನ್ನು ತೆರೆಯಿತು. ನಮ್ಮ ದೇಶದಲ್ಲಿ ಜೆ. ಆರ್. ಡಿ. ಟಾಟಾ ಅವರು ಟಾಟಾ ಆಡಳಿತ ಸೇವೆಯನ್ನು ಆರಂಭಿಸಿದರು. ಆಯ್ದ ತರುಣರು ಬೇರೆ ಬೇರೆ ಉದ್ಯಮಗಳಲ್ಲಿ ಪಳಗಬೇಕೆಂಬುದು ಅದರ ಉದ್ದೇಶ. ಹೈದರಾಬಾದಿನಲ್ಲಿ ಅಡ್ಮಿನಿಸ್ಟ್ರೇಟಿವ್ ಸ್ಟಾಫ್ ಕಾಲೇಜು ಸ್ಥಾಪಿತವಾಯಿತು. ಇಂಗ್ಲೆಂಡಿನ ಹೆನ್ಲಿ ಕಾಲೇಜಿನ ಮಾದರಿಯಂತೆ ಸರ್ಕಾರದ ಅಧಿಕಾರಿಗಳೂ ಕಂಪನಿಗಳವರೂ ಅಲ್ಲಿ ಸಣ್ಣ ಗುಂಪುಗಳಲ್ಲಿ ಕುಳಿತು, ಸರದಿಯಂತೆ ಒಬ್ಬೊಬ್ಬರೂ ಅಧ್ಯಕ್ಷತೆ ವಹಿಸಿ, ಸಮಸ್ಯೆಗಳನ್ನು ಚರ್ಚಿಸಿದರು. ಆಜ್ಞೆ ಮಾಡಿ ಬಲ್ಲವರು ಅಲ್ಲಿ ಆಲಿಸುವುದನ್ನು ಕಲಿಯಬೇಕಾಯಿತು.

ಇದಕ್ಕಿಂತಲೂ ನಮ್ಮ ಮನಸ್ಸನ್ನು ಸೆಳೆದುದು ಉತ್ತರ ಪ್ರದೇಶದ ಏಟಾ ಜಿಲ್ಲೆಯ ಪ್ರಸಂಗ. ಅಲ್ಲಿದ್ದ ಹಿಂದೂಸ್ತಾನ್ ಲೀವರ್ ಕಂಪನಿಯ ಹಾಲಿನ ಕಾರ್ಖಾನೆಗೆ ಸಾಕಷ್ಟು ಹಾಲು ದೊರೆಯುತ್ತಿರಲಿಲ್ಲ. ಹಸು ಎಮ್ಮೆ ಸಾಕುವ ರೈತನೇ ಬಡವನಾಗಿರುವಾಗ ಹಾಲು ಹೆಚ್ಚುವುದೆಲ್ಲಿ? 1976ರಲ್ಲಿ ಕಂಪನಿಯು ಗ್ರಾಮಾಭಿವೃದ್ಧಿಯ ಕಾರ್ಯವನ್ನು ಕೈಗೊಂಡು, ತರಬೇತಿಯಲ್ಲಿದ್ದ ತನ್ನ ತರುಣ ಅಧಿಕಾರಿಗಳನ್ನು ಕೆಲವು ವಾರ ಹಳ್ಳಿಗಳಲ್ಲಿಯೇ ಇರುವಂತೆ ಕಳುಹಿಸಿತು. ದೊಡ್ಡ ವಿದ್ಯಾಲಯಗಳಲ್ಲಿ ಓದಿ ಬಂದವರು ರೈತರ ನಡುವೆ ಬಾಳಿ, ಅವರ ಮಾತಿನಲ್ಲಿಯೇ ಅವರ ಕಷ್ಟವನ್ನು ಕೇಳಬೇಕಾಗಿತ್ತು.

ಮಹನೀಯರೇ, ಲೆಕ್ಕಪತ್ರದ ಜ್ಞಾನವೂ ಇಂಗ್ಲಿಷೂ ಬೇಕೆಂಬುದನ್ನು ನಾವು ಅಲ್ಲಗಳೆಯೆವು. ಅವನ್ನು ನಮ್ಮ ಮಕ್ಕಳು ಶ್ರಮಪಟ್ಟು ಕಲಿಯಲೇಬೇಕು. ಆದರೆ ಅನ್ಯರ ಮಾತನ್ನು ಅವರ ನುಡಿಯಲ್ಲಿಯೇ ಕೇಳುವ ವಿದ್ಯೆಯನ್ನು, ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಸಂತೆಯಲ್ಲಿ ತೆಲುಗು ಆಡುವ ನಮ್ಮ ಹುಡುಗ ಹತ್ತು ವರ್ಷ ತುಂಬುವುದರೊಳಗೆ ಸಂಪಾದಿಸಿರುತ್ತಾನೆ. ಕಂಪನಿಗಳು ಹಣ ವೆಚ್ಚಮಾಡಿ ಕಲಿಸುವ ಪಾಠದ ಒಂದು ಭಾಗ ಅವನಿಗೆ ಗಡಿಯೇ ಕೊಟ್ಟ ಬಳುವಳಿ. ಅದನ್ನು ಕೊರತೆಯೆಂದು ಅವನ ಕಿವಿಯಲ್ಲಿ ಊದಬಾರದು.

ನಮ್ಮದೊಂದು ಬಿನ್ನಹ: ವಾರಕ್ಕೊಂದು ಸಂಜೆ ಈ ಸಂಘದ ಕೊಠಡಿಯನ್ನು ಹೈಸ್ಕೂಲಿನ ಮಕ್ಕಳಿಗೆ ಬಿಟ್ಟುಕೊಡಿ. ಕಾರ್ಖಾನೆಗಳಲ್ಲಿ ಮೇಲೇರಿದ ನಮ್ಮವರು ಬಂದು ಒಂದು ಸಮಸ್ಯೆಯನ್ನು ಮುಂದಿಡಲಿ, ಮಕ್ಕಳು ಚರ್ಚಿಸಲಿ, ಪ್ರತಿ ವಾರವೂ ಬೇರೊಬ್ಬ ಹುಡುಗನೋ ಹುಡುಗಿಯೋ ಅಧ್ಯಕ್ಷಪೀಠದಲ್ಲಿ ಕೂರಲಿ. ಮೇಜಿನ ಹಿಂದೆ ಕೂರುವ ಅಭ್ಯಾಸ ಇಲ್ಲಿಂದಲೇ ಮೊದಲಾಗಲಿ ಎಂದು ಹಾರೈಸುತ್ತೇವೆ.