ಲಂಡನ್ನಿನ ಮೊದಲ ಚಳಿಗಾಲ

ಓದಲೆಂದು ಲಂಡನ್ನಿಗೆ ಹೋದ ನಿಮ್ಮ ಮಗನ ಇಲ್ಲವೆ ಮಗಳ ದನಿ ಡಿಸೆಂಬರಿನಲ್ಲಿ ಮಂಕಾಗಿ ಕೇಳಿಸಿದರೆ ಗಾಬರಿಯಾಗಬೇಡಿ. ಅಲ್ಲಿ ಆಗ ಸೂರ್ಯ ಹುಟ್ಟುವುದು ಎಂಟರ ಸುಮಾರಿಗೆ. ನಾಲ್ಕಾಗುವ ಮೊದಲೇ ಮುಳುಗುತ್ತಾನೆ. ಬೆಂಗಳೂರಿನ ಅತಿ ಚಿಕ್ಕ ಹಗಲೂ 11 ಗಂಟೆಯನ್ನು ಮೀರುತ್ತದೆ. ಲಂಡನ್ನಿನದು 8 ಗಂಟೆಯನ್ನೂ ಮುಟ್ಟದು. ನಾವಿರುವುದು ಭೂಮಧ್ಯರೇಖೆಯಿಂದ 13 ಡಿಗ್ರಿ ಉತ್ತರಕ್ಕೆ, ಲಂಡನ್ 51 ಡಿಗ್ರಿಗೂ ಆಚೆ.

ನಾನು ಅಲ್ಲಿ ಓದುತ್ತಿದ್ದಾಗ, ಪಾಠ ಮುಗಿಸಿ ಹೊರಬಂದರೆ ಆಗಲೇ ಬೀದಿದೀಪ ಹತ್ತಿರುತ್ತಿತ್ತು. ಜನ ತಲೆ ತಗ್ಗಿಸಿಕೊಂಡು ಸರಸರನೆ ಮನೆ ಸೇರುತ್ತಿದ್ದರು. ಇವರು ಮಾತೇ ಬಾರದ ಜನವೆಂದು ಹೊಸಬರಿಗೆ ಅನ್ನಿಸುವುದು ಸಹಜ. ಜೂನ್ ತಿಂಗಳಲ್ಲಾದರೋ ರಾತ್ರಿ ಒಂಬತ್ತಾದರೂ ಬೆಳಕಿರುತ್ತದೆ. ಅದೇ ಜನ ಉದ್ಯಾನದ ಹುಲ್ಲಿನ ಮೇಲೆ ಹರಟುತ್ತ ಕುಳಿತಿರುತ್ತಾರೆ.

ಆದ್ದರಿಂದ ಮಕ್ಕಳು ಬೇಸರದಿಂದ "ವಾಪಸು ಬರುತ್ತೇನೆ" ಎಂದರೆ, ಬೇಸಗೆಯವರೆಗೆ ತಾಳಿ ಆಮೇಲೆ ತೀರ್ಮಾನಿಸುವಂತೆ ಹೇಳಿ.