ನೀರು ನಿಂತರೆ ಏಣಿ ಹತ್ತಬೇಡಿ

(ದುಬೈಯಲ್ಲಿ ನಮ್ಮ ಕೂಟದ ಭಾನುವಾರದ ಸಭೆಯಲ್ಲಿ ಆಡಿದ ಮಾತಿನ ಬರಹರೂಪ)

ನನಗೆ ಭಾಷಣ ಮಾಡಿ ಅಭ್ಯಾಸ ಇಲ್ಲ. ನಾನು ಗಾಜು ತೊಳೆಯುವವನು. ಹನ್ನೊಂದು ವರ್ಷದಿಂದ ಇದೇ ಕೆಲಸ. "ನಿನ್ನ ಕೆಲಸದ್ದೇ ಏನಾದರೂ ಹೇಳು, ಹೊಸದಾಗಿ ಬಂದ ಹುಡುಗರಿಗೆ ಉಪಯೋಗ ಆಗುತ್ತೆ" ಅಂತ ಕಾರ್ಯದರ್ಶಿಗಳು ಹೇಳಿದ್ದಕ್ಕೆ ಇಲ್ಲಿ ನಿಂತಿದ್ದೇನೆ.

ಸೋನಾಪುರ, ಅಲ್ ಕೂಜ್ ಕ್ಯಾಂಪುಗಳಿಂದ ಬಂದವರಲ್ಲಿ ಕ್ಲೀನಿಂಗ್ ಕೆಲಸದವರು ಬಹಳ ಜನ ಇದ್ದೀರಿ. ನಿಮಗೆ ಪೋಲ್ ಗೊತ್ತು. ಗೊತ್ತಿಲ್ಲದವರಿಗೆ ಎರಡು ಮಾತು ಹೇಳಿಬಿಡ್ತೀನಿ. ಒಂದರೊಳಗೊಂದು ಸೇರುವ ಉದ್ದನೆಯ ಕೋಲು, ತುದಿಯಲ್ಲಿ ಬ್ರಷ್, ಬ್ರಷ್ಷಿನಲ್ಲಿ ನೀರು ಚಿಮ್ಮುವ ಸಣ್ಣ ಸಣ್ಣ ಜೆಟ್. ವ್ಯಾನಿನ ಟ್ಯಾಂಕಿನಿಂದ 12 ವೋಲ್ಟ್ ಪಂಪು ನೀರು ತಳ್ಳುತ್ತೆ. ನೆಲದ ಮೇಲೆ ನಿಂತೇ ನಾಲ್ಕೈದು ಮಹಡಿ ತನಕ ತೊಳೆಯಬಹುದು. ಲವಣ ತೆಗೆದ ನೀರು ಬಳಸುವುದರಿಂದ ಒರೆಸದೆ ಬಿಟ್ಟರೂ ಗಾಜಿನ ಮೇಲೆ ಕಲೆ ನಿಲ್ಲೋದಿಲ್ಲ. ಈ ಕೋಲಿನ ದೊಡ್ಡ ಉಪಕಾರ ಅಂದರೆ ನಾವು ಏಣಿ ಹತ್ತಬೇಕಾಗಿಲ್ಲ. ಆದರೆ ನೀರು ನಿಂತರೆ ಅದು ಬರೀ ಕೋಲು.

ಒಂದು ಜುಲೈ ತಿಂಗಳು. ಬೇಸಿಗೆಯಲ್ಲಿ, ಜೂನ್ 15ರಿಂದ ಸೆಪ್ಟೆಂಬರ್ 15ರ ತನಕ, ಮಧ್ಯಾಹ್ನ 12.30ರಿಂದ 3 ಗಂಟೆವರೆಗೆ ಬಿಸಿಲಲ್ಲಿ ಕೆಲಸ ಮಾಡಿಸೋ ಹಾಗಿಲ್ಲ ಅನ್ನೋ ಕಾನೂನು ನಿಮಗೆಲ್ಲ ಗೊತ್ತು. ಅವತ್ತು ಹನ್ನೊಂದೂವರೆ ಆಗಿತ್ತು. ವಿರಾಮಕ್ಕೆ ಮುಂಚೆ ಒಂದು ಬದಿ ಮುಗಿಸಿ ಅಂತ ಫೋನ್ ಮೇಲೆ ಫೋನ್. ಅಷ್ಟರಲ್ಲಿ ನೀರು ಸಣ್ಣಗಾಯಿತು. ಪಂಪು ಟಕ್ ಟಕ್ ಅಂತ ಶುರುವಾಗೋದು, ನಿಲ್ಲೋದು. ಪಂಪು ಕೆಟ್ಟಿತು ಅಂತ ನಾನು ಸ್ಕ್ರೂಡ್ರೈವರ್ ಹಿಡಿದು ಬಿಚ್ಚೋಕೆ ಕೂತೆ. ನನ್ನ ಜೊತೆಗಿದ್ದವನು ರಾಯಚೂರು ಕಡೆ ಹುಡುಗ. "ಅಣ್ಣ, ಇನ್ನು ನಾಲ್ಕೇ ಗಾಜು" ಅಂದವನೇ ವಾಚ್‌ಮನ್ ಹತ್ತಿರ ಏಣಿ ಇಸಗೊಂಡು ಬಕೆಟ್, ಬಟ್ಟೆ ಹಿಡಿದು ಹತ್ತಿದ. ಒದ್ದೆ ಟೈಲ್ಸ್ ಮೇಲೆ ಏಣಿ ಜಾರಿತು. ಮಣಿಕಟ್ಟಿನ ಮೂಳೆ ಮುರಿಯಿತು.

ಅವನನ್ನು ಆಸ್ಪತ್ರೆಗೆ ಕಳಿಸಿ ಬಂದು ಪೈಪು ಸುತ್ತೋಕೆ ಹೋದಾಗ ನೋಡಿದೆ. ಮೂಲೆಯಲ್ಲಿ ಯಾರೋ ನಿಲ್ಲಿಸಿದ ಕಾರಿನ ಚಕ್ರ ನಮ್ಮ ಪೈಪಿನ ಮೇಲಿತ್ತು.

ಇದರಿಂದ ನಾನು ಕಲಿತದ್ದು ಒಂದೇ: ನೀರು ನಿಂತರೆ ಮೊದಲು ಕಾಲು, ಆಮೇಲೆ ಕಿವಿ, ಕೊನೆಗೆ ಕೈ.

ಕಾಲು ಅಂದರೆ ನಡೆಯೋದು. ಪಂಪ್ ಆಫ್ ಮಾಡಿ, ಪೋಲ್ ಇಳಿಸಿ, ವ್ಯಾನಿನಿಂದ ಬ್ರಷ್ ತನಕ ಪೈಪಿನ ಜೊತೆಗೇ ನಡೀರಿ. ಚಕ್ರದ ಕೆಳಗೆ, ಬಾಗಿಲ ಸಂದಿನಲ್ಲಿ, ಗೋಡೆ ಮೂಲೆಯಲ್ಲಿ ನೋಡಿ. ಇಲ್ಲಿನ ಬಿಸಿಲಿಗೆ ಪೈಪು ಮೆತ್ತಗಾಗಿ ಬೇಗ ಮಡಚಿಕೊಳ್ಳುತ್ತೆ. ರೀಲಿನ ಒಳಸುತ್ತಿನಲ್ಲೂ ಮಡಿಕೆ ಬಿದ್ದಿರುತ್ತೆ, ಪೂರ್ತಿ ಬಿಚ್ಚಿ ನೋಡಿ. ಪೋಲ್ ಒಳಗೆ ಹೋಗುವ ಸಣ್ಣ ಪೈಪು ಬ್ರಷ್ಷಿನ ಕುತ್ತಿಗೆ ಹತ್ತಿರ ಬಾಗಿ ಮುಚ್ಚಿಹೋಗೋದು ಬಹಳ ಸಾಮಾನ್ಯ. ಕನೆಕ್ಟರ್‌ಗಳಲ್ಲಿ ಬಿಚ್ಚಿದರೆ ತಾನೇ ನೀರು ನಿಲ್ಲಿಸುವ ಒಂದು ಜಾತಿ ಇದೆ. ಅದು ಪೂರ್ತಿ ಕೂರದಿದ್ದರೆ ಹೊರಗಿಂದ ಸರಿಯಾಗಿಯೇ ಕಾಣುತ್ತೆ, ಒಳಗೆ ಅರ್ಧ ಮುಚ್ಚಿರುತ್ತೆ. ಒತ್ತಿ ಕೂರಿಸಿ.

ಎರಡನೆಯದು ಕಿವಿ. ಊರಲ್ಲಿ ಪಂಪ್‌ಸೆಟ್ ಇದ್ದವರಿಗೆ ಇದು ಹೊಸದೇನಲ್ಲ. ನಮ್ಮಪ್ಪ ಮನೆ ಜಗಲಿ ಮೇಲೆ ಕೂತೇ "ಮೋಟರ್ ಗಾಳಿ ಎಳೀತಿದೆ, ಫುಟ್‌ವಾಲ್ ನೋಡು" ಅನ್ನೋರು. ಇಲ್ಲೂ ಹಾಗೇ.

ಪಂಪು ಒಂದೇ ಸಮ ಓಡ್ತಾ ಇದೆ, ನೀರಿಲ್ಲ ಅಂದರೆ ಗಾಳಿ ಎಳೀತಿದೆ. ಟ್ಯಾಂಕಿನಲ್ಲಿ ನೀರಿದೆಯಾ, ಪಂಪಿಗೆ ಬರುವ ಕಡೆಯ ಕ್ಲಿಪ್ಪು ಸಡಿಲವಾಗಿದೆಯಾ, ಅಲ್ಲಿರುವ ಸಣ್ಣ ಜಾಲರಿ ಕಟ್ಟಿದೆಯಾ ನೋಡಿ. ಅದೆಲ್ಲ ಸರಿಯಿದ್ದರೆ ಪಂಪಿನೊಳಗಿನ ವಾಲ್ವಿಗೆ ಕಸ ಸಿಕ್ಕಿರಬಹುದು.

ಪಂಪು ಶುರುವಾಗಿ ನಿಂತು, ಶುರುವಾಗಿ ನಿಂತು ಮಾಡಿದರೆ ಸಾಮಾನ್ಯವಾಗಿ ಮುಂದೆ ಎಲ್ಲೋ ದಾರಿ ಕಟ್ಟಿದೆ ಅಂತ ಅರ್ಥ. ಒತ್ತಡ ಏರಿದಾಗ ಅದರ ಸ್ವಿಚ್ಚೇ ಪಂಪನ್ನು ನಿಲ್ಲಿಸುತ್ತೆ. ಕೆಲವು ಕಂಟ್ರೋಲರ್ ಪೆಟ್ಟಿಗೆಗಳು 'ಡೆಡ್ ಎಂಡ್' ಅಂತಾನೂ ತೋರಿಸ್ತವೆ. ಅವತ್ತು ಪಂಪು ನನಗೆ ಅದನ್ನೇ ಹೇಳ್ತಾ ಇತ್ತು. ನಾನು ಕೇಳಿಸಿಕೊಳ್ಳಲಿಲ್ಲ.

ಪಂಪು ಪೂರ್ತಿ ಸುಮ್ಮನಿದ್ದರೆ ಎರಡು ಕಾರಣ ಇರಬಹುದು: ಮುಂದೆ ಪೂರ್ತಿ ಮುಚ್ಚಿದೆ, ಇಲ್ಲಾಂದರೆ ಕರೆಂಟ್ ಇಲ್ಲ. ಪಂಪಿನ ಮುಂದಿನ ಪೈಪು ಬಿಚ್ಚಿ ಆನ್ ಮಾಡಿ. ಓಡಿದರೆ ಪಂಪಿಗೆ ಏನೂ ಆಗಿಲ್ಲ. ಓಡದಿದ್ದರೆ ಫ್ಯೂಸ್, ಬ್ಯಾಟರಿ, ತುಕ್ಕು ಹಿಡಿದ ಟರ್ಮಿನಲ್ ನೋಡಿ, ಒದ್ದೆ ಕೈಯಲ್ಲಿ ಮುಟ್ಟಬೇಡಿ. ಒಂದು ಎಚ್ಚರಿಕೆ: ದಾರಿ ಕಟ್ಟಿದ್ದಾಗ ಆಫ್ ಮಾಡಿದ ಮೇಲೂ ಪೈಪಿನಲ್ಲಿ ಒತ್ತಡ ಇರುತ್ತೆ. ಬಟ್ಟೆ ಸುತ್ತಿ, ಮುಖ ಆಚೆ ಇಟ್ಟು, ನಿಧಾನವಾಗಿ ಬಿಚ್ಚಿ.

ಮೂರನೆಯದು ಕೈ. ಒಂದು ಲೀಟರಿನ ಖಾಲಿ ಬಾಟಲಿ, ಫೋನಿನಲ್ಲಿರುವ ಗಡಿಯಾರ, ಇಷ್ಟು ಸಾಕು. ಎಲ್ಲ ಚೆನ್ನಾಗಿರುವ ದಿನ ಬ್ರಷ್ ಹತ್ತಿರ ಬಾಟಲಿ ಎಷ್ಟು ಸೆಕೆಂಡಿಗೆ ತುಂಬುತ್ತೆ ಅಂತ ಅಳೆದು ವ್ಯಾನಿನ ಬಾಗಿಲ ಒಳಗೆ ಬರೆದಿಡಿ. ನಮ್ಮದು 40 ಸೆಕೆಂಡು, ಅಂದರೆ ನಿಮಿಷಕ್ಕೆ ಒಂದೂವರೆ ಲೀಟರು. ತೊಂದರೆ ಬಂದಾಗ ದಾರಿಯನ್ನು ಎರಡು ಪಾಲು ಮಾಡಿ. ರೀಲ್ ಪೈಪಿನ ಕೊನೆಯಲ್ಲಿ ಬಿಚ್ಚಿ ಅಳೆಯಿರಿ. ಅಲ್ಲಿ ಜೋರಾಗಿ ಬಂದರೆ ತೊಂದರೆ ಪೋಲ್ ಕಡೆ, ಬರದಿದ್ದರೆ ವ್ಯಾನ್ ಕಡೆ. ಹೀಗೆ ಅರ್ಧ, ಅದರಲ್ಲಿ ಅರ್ಧ ಮಾಡ್ತಾ ಹೋದರೆ ಬೇಗ ಸಿಕ್ಕಿಬೀಳುತ್ತೆ.

ಒಂದು ಜೆಟ್ಟಿನಲ್ಲಿ ಮಾತ್ರ ನೀರಿದ್ದರೆ ತೊಂದರೆ ಬ್ರಷ್ಷಿನಲ್ಲೇ. ಜೆಟ್ ಬಿಚ್ಚಿ ಉಲ್ಟಾ ಕಡೆಯಿಂದ ನೀರು ಬಿಟ್ಟು ತೊಳೀರಿ. ಪಿನ್ನಿನಿಂದ ಚುಚ್ಚಿದರೆ ಕಸ ಒಳಗೇ ಹೋಗಿ ನಾಳೆ ಮತ್ತೆ ಬರುತ್ತೆ. ಹೊರಬಂದ ಕಸವನ್ನು ಅಂಗೈಯಲ್ಲಿ ಹಿಡಿದು ನೋಡಿ. ಮರಳಾದರೆ ಬ್ರಷ್ ನೆಲದ ಮೇಲೆ ಇಟ್ಟಿದ್ದೀರಿ. ಹಸಿರು ಪಾಚಿಯಾದರೆ ಪೈಪಿನಲ್ಲಿ ನೀರು ಬಿಟ್ಟು ಬಿಸಿಲಲ್ಲಿ ಹಾಕಿದ್ದೀರಿ. ಸಾಸಿವೆಗಿಂತ ಸಣ್ಣ, ಜೇನಿನ ಬಣ್ಣದ ಗುಂಡುಗಳಾದರೆ ನೀರು ಶುದ್ಧ ಮಾಡುವ ರೆಸಿನ್ ಸೋರಿಕೊಂಡು ಬರ್ತಾ ಇದೆ. ಊರಲ್ಲಿ ಡ್ರಿಪ್ ಪೈಪಿನ ತುದಿ ಬಿಚ್ಚಿ ಕಸ ತೆಗೆದವರಿಗೆ ಇದೆಲ್ಲ ಗೊತ್ತಿರೋದೇ.

ಟ್ಯಾಂಕ್ ತುಂಬೋದೇ ನಿಧಾನ ಆಗಿದ್ದರೆ ಮೊದಲು ಆರ್.ಓ. ಮುಂದಿನ ಫಿಲ್ಟರ್ ನೋಡಿ, ಅದು ಮಣ್ಣು ಹಿಡಿದಿರುತ್ತೆ. ಮೆಂಬ್ರೇನ್‌ಗೆ ಸಾಮಾನ್ಯವಾಗಿ 45 ಡಿಗ್ರಿ ಸೆಲ್ಸಿಯಸ್ ಮಿತಿ. ಇಲ್ಲಿನ ತಾರಸಿ ಟ್ಯಾಂಕಿನ ಮಧ್ಯಾಹ್ನದ ನೀರನ್ನು ನಂಬಬೇಡಿ, ಬೆಳಗಿನ ಜಾವ ತುಂಬಿಸಿಕೊಳ್ಳಿ.

ಇನ್ನೊಂದು. ಕೆಳಗೆ ಚೆನ್ನಾಗಿ ಬರುವ ನೀರು ಮೇಲೆ ಸ್ವಲ್ಪ ಕಮ್ಮಿ ಆದರೆ ಗಾಬರಿ ಬೇಡ. ಪ್ರತಿ 10 ಮೀಟರ್ ಎತ್ತರಕ್ಕೆ ಸುಮಾರು ಒಂದು ಬಾರ್ ಒತ್ತಡ ಹೋಗುತ್ತೆ. ಅದು ರೋಗ ಅಲ್ಲ, ಲೆಕ್ಕ.

ಇಷ್ಟು ಮಾಡಿಯೂ ನೀರು ಬರದಿದ್ದರೆ? ಫೋನ್ ಮಾಡಿ ಹೇಳಿ: "ಸಾರ್, ನೀರಿಲ್ಲ, ಕೆಲಸ ನಿಲ್ಲಿಸಿದ್ದೀನಿ. ಪಂಪಿನ ಹತ್ತಿರ 15 ಸೆಕೆಂಡು, ಬ್ರಷ್ ಹತ್ತಿರ 3 ನಿಮಿಷ." ಹೀಗೆ ಅಳತೆ ಸಮೇತ ಹೇಳಿದವನಿಗೆ "ನೀನೇ ಕೆಡಿಸಿದೆ" ಅನ್ನೋದು ಅಷ್ಟು ಸುಲಭ ಅಲ್ಲ. ಫೋಟೋನೂ ತೆಗೆದಿಡಿ. ಬೈದರೆ ಬೈಸಿಕೊಳ್ಳಿ. ಏಣಿ ಮಾತ್ರ ಹುಡುಕಬೇಡಿ.

ಆ ಹುಡುಗ ಈಗ ಊರಲ್ಲಿದ್ದಾನೆ. ಮೂಳೆ ಕೂಡಿದೆ, ಆದರೆ ಬಟ್ಟೆ ಹಿಂಡೋಕೆ ಆಗಲ್ಲ ಅಂತಾನೆ. ಒಂದು ಸಲ ಫೋನಿನಲ್ಲಿ ಕೇಳಿದ: "ಅಣ್ಣ, ಕೊನೆಗೆ ಆ ಪಂಪಿಗೆ ಏನಾಗಿತ್ತು?" ಏನೂ ಆಗಿರಲಿಲ್ಲ ಕಣೋ ಅಂತ ಹೇಳೋಕೆ ನನಗೆ ಬಾಯಿ ಬರಲಿಲ್ಲ. ಏನೋ ಒಂದು ಹೇಳಿ ಮಾತು ಮರೆಸಿದೆ. ಆಮೇಲೆ ಮನಸ್ಸು ತಡೆಯದೆ ನಾನೇ ಫೋನ್ ಮಾಡಿ ಕಾರಿನ ವಿಷಯ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೊಸ ಹುಡುಗರಿಗೆ ಇದನ್ನ ಹೇಳಣ್ಣ" ಅಂದ. ಅದಕ್ಕೇ ಇವತ್ತು ಹೇಳಿದ್ದೇನೆ.

ಯಾರಿಗಾದರೂ ಜೆಟ್ ಬಿಚ್ಚೋದು, ಬಾಟಲಿ ಅಳತೆ ನೋಡಬೇಕು ಅಂದರೆ ಊಟ ಆದಮೇಲೆ ಹೊರಗೆ ಬನ್ನಿ, ಒಂದು ಬ್ರಷ್ ತಂದಿದ್ದೀನಿ.