ಮನೆಯ ಕಸ, ದುಡಿಮೆಯ ಮಾನ

(ಗಿರಣಿ ಕಾರ್ಮಿಕರ ಓಣಿಯಲ್ಲಿ ನಡೆದ ಸಂಜೆಯ ಸಭೆಯಲ್ಲಿ ಮಾಡಿದ ಭಾಷಣ)



ಬೋನಸ್ಸು, ತುಟ್ಟಿಭತ್ಯೆಯ ಮಾತಾಡಬೇಕಾದ ಸಭೆಯಲ್ಲಿ ಮೇಷ್ಟ್ರು ಕಸದ ಮಾತು ತೆಗೆದರಲ್ಲ ಎಂದು ಕೆಲವರು ನಗಬಹುದು. ನಗಲಿ. ಇದೂ ದುಡಿಮೆಯ ಪ್ರಶ್ನೆಯೇ.

ನನ್ನ ತಪ್ಪಿನಿಂದಲೇ ಆರಂಭಿಸುತ್ತೇನೆ. ಕಳೆದ ಶ್ರಾವಣದಲ್ಲಿ ನಮ್ಮ ಮನೆಯಲ್ಲಿ ಒಂದು ಗಾಜಿನ ಲೋಟ ಒಡೆಯಿತು. ಚೂರುಗಳನ್ನು ಗುಡಿಸಿ, ಹಳಸಿದ ಅನ್ನ, ತರಕಾರಿ ಸಿಪ್ಪೆ ತುಂಬಿದ್ದ ಚೀಲಕ್ಕೇ ಹಾಕಿದೆ. ಮರುದಿನ ಪೌರಕಾರ್ಮಿಕ ತಾಯಿಯೊಬ್ಬರು ಅದನ್ನು ಬೇರ್ಪಡಿಸಲು ಕೈ ಹಾಕಿದರು, ಅಂಗೈ ಸೀಳಿತು. "ಗಾಜೈತಿ ಅಂತ ಒಂದು ಮಾತು ಹೇಳಬಾರದಿತ್ತಾ ಮೇಷ್ಟ್ರೆ?" ಎಂದರು, ಅಷ್ಟೆ. ನಾಲ್ಕು ದಿನ ಅವರು ಕೆಲಸಕ್ಕೆ ಬರಲಿಲ್ಲ. ಗುತ್ತಿಗೆಯ ದುಡಿಮೆ, ಬಾರದ ದಿನಕ್ಕೆ ಕೂಲಿಯಿಲ್ಲ. ಕಾರ್ಮಿಕರ ಹಕ್ಕಿನ ಮೇಲೆ ಊರೂರು ಭಾಷಣ ಮಾಡುವವನ ಮನೆಯ ಕಸವೇ ಒಬ್ಬ ಕಾರ್ಮಿಕಳ ಕೂಲಿಯನ್ನು ಕಿತ್ತುಕೊಂಡಿತು.

1901ರ ಕಲ್ಕತ್ತಾ ಕಾಂಗ್ರೆಸ್ ಅಧಿವೇಶನದಲ್ಲಿ ಗಾಂಧೀಜಿ ತಾವೇ ಪೊರಕೆ ಹಿಡಿದು ಪಾಯಿಖಾನೆ ಶುಚಿ ಮಾಡಿದರು. 1970ರ ದಶಕದಲ್ಲಿ ಬಿ. ಬಸವಲಿಂಗಪ್ಪನವರು ಮಂತ್ರಿಯಾಗಿದ್ದಾಗ ನಮ್ಮ ರಾಜ್ಯದಲ್ಲಿ ತಲೆಯ ಮೇಲೆ ಮಲ ಹೊರಿಸುವುದನ್ನು ನಿಷೇಧಿಸಿದರು. ಕಾನೂನು ತಲೆಯ ಹೊರೆ ಇಳಿಸಿತು. ಆದರೆ ನಾವು ಕಲಸಿ ಎಸೆಯುವ ಕಸದಲ್ಲಿ ಅದೇ ಜನರ ಕೈ ಇಂದಿಗೂ ಆಡುತ್ತಿದೆ. ಆ ಕೈಯನ್ನು ಬಿಡಿಸುವುದು ನಮ್ಮ ಅಡಿಗೆಮನೆಯಿಂದಲೇ ಆಗಬೇಕು.

ಏನು ಮಾಡಬೇಕು? ಮೊದಲನೆಯದು ಹಸಿಕಸ. ಮನೆಯ ಕಸದಲ್ಲಿ ಹೆಚ್ಚುಕಡಿಮೆ ಅರ್ಧ ಪಾಲು ಇದೇ. ಬೇರೆಯಿಟ್ಟರೆ ಗೊಬ್ಬರ, ಕಲಸಿದರೆ ನಾತ. ತಳದಲ್ಲೂ ಪಕ್ಕದಲ್ಲೂ ತೂತು ಮಾಡಿದ ಒಂದು ಹಳೆಯ ಮಡಕೆ ಸಾಕು. ಒಂದು ಪದರ ಸಿಪ್ಪೆ, ಅದರ ಮೇಲೆ ಒಂದು ಪದರ ಒಣ ಎಲೆ ಇಲ್ಲವೆ ಮರದ ಹೊಟ್ಟು. ಮೇಲೆ ಸ್ವಲ್ಪ ಹುಳಿಮಜ್ಜಿಗೆಯನ್ನೋ ಸಗಣಿ ನೀರನ್ನೋ ಚಿಮುಕಿಸಿ. ವಾರಕ್ಕೊಮ್ಮೆ ಕೆದಕಿ ಗಾಳಿಯಾಡಿಸಿ. ನೀರಾಡಿದರೆ ಒಣ ಎಲೆ ಹೆಚ್ಚಿಸಿ. ಸುಮಾರು ಎರಡು ತಿಂಗಳಲ್ಲಿ ಕಪ್ಪು ಮಣ್ಣಿನಂಥ ಗೊಬ್ಬರ. ಒಂದೇ ಕೋಣೆಯ ಮನೆಯವರು ನಾಲ್ಕು ಮನೆ ಸೇರಿ ಒಂದು ಪೀಪಾಯಿ ಇಡಬಹುದು. ಅಕ್ಕಿ ತೊಳೆದ ನೀರು ದನ ಕಟ್ಟಿದವರಿಗೆ ಹೋಗಲಿ.

ಎರಡನೆಯದು, ಗಾಜಿನ ಚೂರು, ಬ್ಲೇಡು, ಸೂಜಿ. ಇವನ್ನು ದಪ್ಪ ಕಾಗದದಲ್ಲಿ ಸುತ್ತಿ, ಕೆಂಪು ಗುರುತು ಹಾಕಿ, ಬಾಯಲ್ಲಿ ಹೇಳಿ ಕೈಗೆ ಕೊಡಿ. ಮುಟ್ಟಿನ ಬಟ್ಟೆಯನ್ನೂ ಮಕ್ಕಳ ಡೈಪರನ್ನೂ ಹಾಗೆಯೇ ಸುತ್ತಿ ಗುರುತಿಟ್ಟು ಕೊಡಬೇಕು. ನಾಚಿಕೆಪಡಬೇಕಾದದ್ದು ಗುರುತು ಹಾಕಿದ್ದಕ್ಕಲ್ಲ, ಹಾಕದಿದ್ದುದಕ್ಕೆ. ಹಂಡೆಯ ಒಲೆಗೆ ಪ್ಲಾಸ್ಟಿಕ್ ತುರುಕಬೇಡಿ. ಆ ವಿಷದ ಹೊಗೆಯನ್ನು ಮೊದಲು ಕುಡಿಯುವುದು ಒಲೆಯ ಮುಂದೆ ಕುಳಿತ ನಿಮ್ಮ ಮನೆಯ ಹೆಣ್ಣುಮಕ್ಕಳೇ.

ಮೂರನೆಯದು, ಕಸವಾಗುವುದನ್ನು ಮನೆಗೆ ತಾರದಿರುವುದು. ಇದು ಹೊಸ ವಿದ್ಯೆಯಲ್ಲ. ನಮ್ಮ ಅಜ್ಜಿಯರು ಹಳೆಯ ಸೀರೆಯನ್ನು ಕೌದಿ ಹೊಲಿದರು, ಎಣ್ಣೆಗೆ ತಂಬಿಗೆ ಹಿಡಿದು ಹೋದರು. ಅಂಗಡಿಯ ಮಿತ್ರರೆ, ಗಿರಾಕಿ ಡಬ್ಬಿ ತಂದರೆ ಅದನ್ನು ತೂಗಿ, ಆ ತೂಕ ಕಳೆದು ಬೇಳೆ ಹಾಕಿಕೊಡಿ. ಚೀಲದ ಖರ್ಚು ನಿಮಗೂ ಉಳಿಯಿತಲ್ಲವೆ?

ಆದರೆ ಎಲ್ಲ ಭಾರವನ್ನೂ ಬಡವನ ಮನೆಯ ಮೇಲೆ ಹೊರಿಸಲು ನಾನು ಬಂದಿಲ್ಲ. 2022ರ ಜುಲೈ 1ರಂದು ದೇಶದಲ್ಲಿ ಪ್ಲಾಸ್ಟಿಕ್ ಲೋಟ, ತಟ್ಟೆ, ಚಮಚಗಳನ್ನು ನಿಷೇಧಿಸಿದರು. ಚಹಾ ಅಂಗಡಿಯವನು ದಂಡಕ್ಕೆ ಗುರಿಯಾದ. ದೊಡ್ಡ ಕಂಪನಿಗಳ ಶಾಂಪೂ, ಚಿಪ್ಸ್ ಪೊಟ್ಟಣಗಳು ಆ ಪಟ್ಟಿಯಲ್ಲಿರಲಿಲ್ಲ. ಇದು ಯಾವ ನ್ಯಾಯ? ನಾವು ಬೇರ್ಪಡಿಸಿ ಕೊಟ್ಟದ್ದನ್ನು ಗಾಡಿಯಲ್ಲಿ ಮತ್ತೆ ಒಂದುಮಾಡಿದರೆ ಅದನ್ನೂ ಕೇಳಬೇಕು. ಕೈಗವಸು, ಗಟ್ಟಿ ಬೂಟು, ಕಾಯಂ ನೌಕರಿ ಪೌರಕಾರ್ಮಿಕರ ಹಕ್ಕು. ಅದಕ್ಕಾಗಿ ಅವರು ಬೀದಿಗಿಳಿದ ದಿನ ಗಿರಣಿಯವರು ಪಕ್ಕದಲ್ಲಿ ನಿಲ್ಲಬೇಕು.

ಕಣ್ಣಿಗೆ ಮರೆಯಾದ ಕಸ ಮಾಯವಾಗುವುದಿಲ್ಲ. ಬೆಂಗಳೂರಿನ ಕಸವನ್ನು ವರ್ಷಗಟ್ಟಲೆ ಮಂಡೂರಿನಲ್ಲಿ ಸುರಿದರು. 2014ರಲ್ಲಿ ಆ ಹಳ್ಳಿಯ ಜನ ಬೀದಿಗಿಳಿದು ಲಾರಿ ತಡೆದರು. ನಮ್ಮ ಊರಿನ ಕಸವೂ ಯಾರದೋ ಹೊಲದ ಅಂಚಿಗೆ, ಯಾರದೋ ಬಾವಿಯ ಹತ್ತಿರಕ್ಕೆ ಹೋಗುತ್ತಿದೆ.

ಆದುದರಿಂದ ಬರುವ ಸೋಮವಾರದಿಂದ ಈ ಓಣಿಯ ಮನೆ ಮನೆಯಲ್ಲೂ ಎರಡು ಬುಟ್ಟಿ, ಒಂದು ಚೀಲ ಇರಲಿ: ಹಸಿಗೆ ಒಂದು, ಒಣಗಿದ್ದಕ್ಕೆ ಒಂದು, ಅಪಾಯದ್ದಕ್ಕೆ ಕೆಂಪು ಚೀಲ. ತಿಂಗಳು ಕಳೆದ ಮೇಲೆ ಇದೇ ಕಟ್ಟೆಯಲ್ಲಿ ಸೇರೋಣ. ಆ ತಾಯಿಯನ್ನೂ ಕರೆಯುತ್ತೇನೆ. ನಾವು ಸುಧಾರಿಸಿದೆವೋ ಇಲ್ಲವೋ, ಅವರೇ ಹೇಳಲಿ.